ಡೆಲ್ಮರನ ಬಿಳಿ ಫಿರಂಗಿ

ಆರ್ಲೊ ನೈಗಾರ್ಡ್ ಆ ಶನಿವಾರ ಪಟ್ಟ ಪಾಡಿಗೆಲ್ಲ ಕಾರಣ ಒಂದು ಡೋನಟ್. ಇಡೀ ಡೋನಟ್ ಕೂಡ ಅಲ್ಲ, ಅರ್ಧ.

ಲುಂಡ್ಬಿಯಲ್ಲಿ ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಇವೆರಡೂ ಮರ್ಯಾದೆಗೆ ಆಡುವ ಮಾತು, ಯಾರೂ ನಂಬುವುದಿಲ್ಲ. ಮನಸ್ಸಿನ ಮಾತು ಹೊರಬೀಳುವುದು ಮೂರನೆಯ ಸಲ ಕೇಳಿದಾಗ. ಕಾಫಿಯಿಂದ ಹಿಡಿದು ಚರ್ಚಿನ ಕಮಿಟಿಯ ಕುರ್ಚಿಯವರೆಗೆ ಅಮೆರಿಕದ ಮಿನೆಸೋಟ ರಾಜ್ಯದ ಆ ಮೂಲೆಯಲ್ಲಿ ಎಲ್ಲ ಕೊಡುಕೊಳ್ಳುವಿಕೆಯೂ ನಡೆಯುವುದು ಹೀಗೇ.

ಬೆಳಿಗ್ಗೆ ಕೆಫೆಯಲ್ಲಿ ಪಕ್ಕದ ಮನೆಯ ಡೆಲ್ಮರ್ ಕ್ವೇಡ್ ಕುರ್ಚಿ ಎಳೆದುಕೊಂಡು ಆರ್ಲೊನ ಎದುರಿಗೆ ಕೂತ.

"ಆರ್ಲೊ, ಇವತ್ತು ಮಧ್ಯಾಹ್ನ ಫಿರಂಗಿ ವಾಲ್ವು ನೀನು ತೆಗೀತೀಯಾ?"

"ಅಷ್ಟು ದೊಡ್ಡ ಮರ್ಯಾದೆ ನಂಗ್ಯಾಕಪ್ಪ, ಬೇಡ," ಎಂದು ಆರ್ಲೊ ನಕ್ಕ.

"ನಿನಗಲ್ದೆ ಇನ್ಯಾರಿಗೆ ಕೊಡ್ಲಿ?"

"ನಂಗಿಂತ ತಿಳಿದೋರು ಬೇಕಾದಷ್ಟು ಜನ ಇದ್ದಾರೆ. ಬೇಡ ಮಾರಾಯ."

ಮೂರನೆಯ ಉತ್ತರ, ಅಂದರೆ ನಿಜವಾದ 'ಬೇಡ', ಆರ್ಲೊನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಡೆಲ್ಮರ್ ಕಾಫಿ ಗುಟುಕರಿಸಿ, ಕಿಟಕಿಯಾಚೆ ನೋಡಿ, ಗಂಟಲು ಸರಿಮಾಡಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಆ ಬಿಡುವಿನಲ್ಲಿ ಆರ್ಲೊ ಕೈಯಲ್ಲಿದ್ದ ಅರ್ಧ ಡೋನಟ್ಟನ್ನು ಬಾಯಿಗಿಟ್ಟ. "ಏನಂತೀಯ ಹಾಗಾದ್ರೆ?" ಎಂದು ಡೆಲ್ಮರ್ ಕೇಳಿದಾಗ ಅವನ ಬಾಯಿ ತುರುಕಿದ ಗೋಣಿಚೀಲದಂತಾಗಿತ್ತು. ಕೈ ಅಲ್ಲಾಡಿಸಿ ನೋಡಿದ. ಕೆನ್ನೆ ಉಬ್ಬಿ ಕಣ್ಣು ಅರಳಿದ್ದರಿಂದ ಅದು ಸಂತೋಷ ತಡೆಯಲಾರದವನ ಕೈ ಬೀಸಿನಂತೆ ಕಾಣಿಸಿತು. ಡೆಲ್ಮರ್ ಅವನ ಬೆನ್ನು ತಟ್ಟಿ, ಮಧ್ಯಾಹ್ನ ಹೊಲದಲ್ಲಿ ಸಿಗೋಣವೆಂದು ಹೊರಟುಹೋದ.

ಸುಗ್ಗಿ ಮುಗಿದ ಮೇಲೆ ಲೂಥರನ್ ಚರ್ಚಿನ ಹಿಂದಿನ ಹೊಲದಲ್ಲಿ ಕುಂಬಳಕಾಯಿ ಎಸೆಯುವ ಪಂದ್ಯ ನಡೆಯುತ್ತದೆ. ಹೆಚ್ಚಿನವರು ಮರದ ಕವಣೆ ಕಟ್ಟಿಕೊಂಡು ಬರುತ್ತಾರೆ. ಡೆಲ್ಮರನದು ಗಾಳಿ ಫಿರಂಗಿ. ಹಿಂಬದಿಯ ದಪ್ಪ ಪೈಪಿಗೆ ಕಂಪ್ರೆಸರಿನಿಂದ ಗಾಳಿ ತುಂಬಿಸಿ ವಾಲ್ವನ್ನು ತಟ್ಟನೆ ತೆಗೆದರೆ, ಮುಂದಿನ ಉದ್ದ ಕೊಳವೆಯಲ್ಲಿ ಕೂತ ಕುಂಬಳಕಾಯಿ ಹೊಲದಾಚೆಗೆ ಹಾರುತ್ತದೆ. ತೊಂದರೆಯೆಂದರೆ ಗಾಳಿ ತುಂಬುವ ಆ ಪೈಪು ಬಿಳಿಯ ಪಿವಿಸಿ, ಮನೆಯ ನಲ್ಲಿಗೆ ಹಾಕುವ ಜಾತಿಯದು. ವಾಲ್ವು ತೆಗೆಯುವವನು ಅದಕ್ಕೆ ಸೊಂಟ ತಾಗಿಸಿಕೊಂಡೇ ನಿಲ್ಲಬೇಕು.

ಆರ್ಲೊ ಊರಿನ ಬೆಣ್ಣೆ ಕಾರ್ಖಾನೆಯ ಲ್ಯಾಬಿನವನು. ಹಬೆ, ಒತ್ತಡ, ಕೊಳವೆಗಳ ನಡುವೆ ತಲೆ ನರೆತವನು. ನೀರನ್ನು ಎಷ್ಟು ಒತ್ತಿದರೂ ಅದು ಹೆಚ್ಚೇನೂ ಕುಗ್ಗುವುದಿಲ್ಲ. ನೀರಿನ ಪೈಪು ಸೀಳಿದರೆ ನಾಲ್ಕು ಬಕೆಟ್ ಚೆಲ್ಲಿ ಸುಮ್ಮನಾಗುತ್ತದೆ. ಗಾಳಿ ಒತ್ತಿದಷ್ಟೂ ಕುಗ್ಗಿ, ಸ್ಪ್ರಿಂಗಿನ ಹಾಗೆ ಸಿಟ್ಟು ಕೂಡಿಟ್ಟುಕೊಳ್ಳುತ್ತದೆ. ಒಳ್ಳೆಯ ಉಕ್ಕು ಸೋಲುವಾಗ ಬಾಗಿ, ಬಾಯಿಬಿಟ್ಟು ಸೋಲುತ್ತದೆ. ಪಿವಿಸಿ ಗಾಜಿನಂತೆ ಚೂರಾಗಿ ನಾಲ್ಕೂ ದಿಕ್ಕಿಗೆ ಹಾರುತ್ತದೆ. ಚೂರು ಮೈಯೊಳಗೆ ಹೊಕ್ಕರೆ ಎಕ್ಸ್‌ರೇಗೂ ಸರಿಯಾಗಿ ಕಾಣುವುದಿಲ್ಲ. ಬಿಸಿಲಲ್ಲಿ ಹಳತಾದ ಪೈಪು ಚಳಿಗೆ ಸಿಕ್ಕರೆ ಹಪ್ಪಳವೇ ಸರಿ. ಡೆಲ್ಮರನ ಫಿರಂಗಿ ಹಲವು ಬೇಸಿಗೆ ಕೊಟ್ಟಿಗೆಯ ದಕ್ಷಿಣದ ಗೋಡೆಗೆ ಒರಗಿ ಬಿಸಿಲು ಕುಡಿದಿತ್ತು, ಮತ್ತು ಆ ಬೆಳಿಗ್ಗೆ ಹುಲ್ಲಿನ ತುದಿಯಲ್ಲೆಲ್ಲ ಹಿಮ ಕಟ್ಟಿತ್ತು.

ಇದನ್ನು ಡೆಲ್ಮರನಿಗೆ ಹೇಳಿಬಿಟ್ಟರಾಯಿತಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಚಳಿಗಾಲದುದ್ದಕ್ಕೂ ಬೀದಿಯವರೆಲ್ಲರ ಮನೆ ಮುಂದಿನ ಹಿಮವನ್ನು, ಅವರು ಏಳುವ ಮುಂಚೆ, ತನ್ನ ಟ್ರ್ಯಾಕ್ಟರಿನಿಂದ ತಳ್ಳಿಕೊಡುವವನು ಡೆಲ್ಮರ್. ಅಂಥವನ ಮುಖಕ್ಕೆ ಹೊಡೆದಂತೆ 'ನಿನ್ನ ಫಿರಂಗಿ ಸರಿಯಿಲ್ಲ' ಎನ್ನುವುದೇ? ಆ ಊರಿನಲ್ಲಿ ಅತಿ ಕಟುವಾದ ಬೈಗುಳವೆಂದರೆ 'ಇದೊಂದು ಬೇರೆ ಥರ ಇದೆ' ಎಂಬುದು. ಅದನ್ನು ಕೇಳಿಸಿಕೊಂಡವರು ಊರು ಬಿಟ್ಟದ್ದೂ ಉಂಟು.

ಮನೆಗೆ ಬಂದಾಗ ಹೆಂಡತಿ ಮಾರ್ಡೆಲ್ ರಾತ್ರಿಯೂಟಕ್ಕೆ ಜೆಲ್ಲೊ ಮಾಡುತ್ತಿದ್ದಳು. ನಡುಗುವ ಹಸಿರು ಸಿಹಿ ಮುದ್ದೆಯೊಳಗೆ ಕ್ಯಾರೆಟ್ ತುರಿ, ಹೆಚ್ಚಿದ ಎಲೆಕೋಸು, ಮೇಲೆ ಉಪ್ಪು ಹಾಕಿದ ಆಲಿವ್ ಕಾಯಿ. ಪಂದ್ಯ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಊಟಕ್ಕೆ ಅದು ಅವಳ ವರ್ಷದ ಕಾಣಿಕೆ. ಪಾತ್ರೆ ಪ್ರತಿವರ್ಷ ಖಾಲಿಯಾಗಿ ಮನೆಗೆ ಬರುತ್ತಿದ್ದುದರಿಂದ ಈ ಸಲ ಎರಡು ಪಾತ್ರೆ ಮಾಡಿದ್ದಳು.

"ಬೆನ್ನುನೋವು ಅಂತ ಹೇಳಿಬಿಡು," ಎಂದಳು, ಸುದ್ದಿ ಕೇಳಿ.

"ಹಾಗಂದ್ರೆ ನನ್ನ ಜಾಗದಲ್ಲಿ ಇನ್ನೊಬ್ಬರನ್ನ ನಿಲ್ಲಿಸ್ತಾನೆ ಕಣೇ. ಕೆಟ್ಟಿರೋದು ಪೈಪು, ನನ್ನ ಬೆನ್ನಲ್ಲ."

"ಪೈಪು ಬದಲಾಯಿಸು ಅಂತ ಹೇಳು ಹಾಗಾದ್ರೆ."

"ಹೇಗೆ ಹೇಳ್ಲಿ?"

ಮಾರ್ಡೆಲ್ ತುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಅದೂ ಹೌದು," ಎಂದು ಮತ್ತೆ ತುರಿಯತೊಡಗಿದಳು.

ಹೇಳಲಾಗದ್ದನ್ನು ಕೊಟ್ಟು ಮುಗಿಸೋಣ ಎಂದುಕೊಂಡ ಆರ್ಲೊ, ಗುಜರಿ ಅಂಗಡಿ ಇಟ್ಟಿದ್ದ ಭಾವಮೈದುನ ಗೇಲನ್ನನ ಬಳಿ ಹೋದ. ಅಲ್ಲಿ ಹಳೆಯ ಲಾರಿಯೊಂದರ ಬ್ರೇಕಿಗೆ ಗಾಳಿ ತುಂಬಿಡುವ ಉಕ್ಕಿನ ಟ್ಯಾಂಕು ಸಿಕ್ಕಿತು. ಗಾಳಿಗೆಂದೇ ಹುಟ್ಟಿದ ಟ್ಯಾಂಕು. ಒಳಗೆ ಹೊರಗೆ ತುಕ್ಕಿಲ್ಲ. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಳ್ಳುವ ವಾಲ್ವೂ ಸರಿಯಾಗಿತ್ತು. ಮುಂದಿನ ಕೊಳವೆಗೆಂದು ಹೊಲಕ್ಕೆ ನೀರು ಹಾಯಿಸುವ ಅಲ್ಯೂಮಿನಿಯಂ ಪೈಪೊಂದನ್ನೂ ಆರಿಸಿಕೊಂಡ.

ಯಾರ ಫಿರಂಗಿಗೆ ಎಂದು ಗೇಲನ್ ಕೇಳಲಿಲ್ಲ. ಟ್ಯಾಂಕನ್ನು ಪಿಕಪ್ಪಿಗೆ ಎತ್ತಿಡುತ್ತ, "ನಾನು ಪಂದ್ಯದ ದಿನ ಟ್ರ್ಯಾಕ್ಟರ್ ಚಕ್ರದ ಹಿಂದೆ ನಿಂತ್ಕೊಳ್ಳೋದು. ಪಾದ್ರಿ ಶೌಚಾಲಯದ ಹಿಂದೆ ನಿಂತ್ಕೋತಾರೆ," ಎಂದ.

"ಅಂದ್ರೆ ನಿಂಗೂ ಗೊತ್ತು."

"ಊರಿಗೇ ಗೊತ್ತು."

"ಮತ್ತೆ ಯಾರೂ ಅವನಿಗೆ ಯಾಕೆ ಹೇಳಿಲ್ಲ?"

ಗೇಲನ್ ಆಶ್ಚರ್ಯದಿಂದ ಅವನ ಮುಖ ನೋಡಿದ. "ನಾವೇನು ಕಾಡುಜನವೇನೋ?" ಎಂದ.

ಡೆಲ್ಮರ್ ಕೊಟ್ಟಿಗೆಯಲ್ಲಿ ಫಿರಂಗಿಯನ್ನು ಹಳೆ ಬನಿಯನ್ನಿನಿಂದ ಒರೆಸುತ್ತಿದ್ದ. ಆರ್ಲೊ ಅದರ ಸುತ್ತ, ಮದುವೆಗೆ ಹೆಣ್ಣು ನೋಡಲು ಬಂದು ಇಷ್ಟವಾಗದವನ ಹಾಗೆ, ಎರಡು ಸುತ್ತು ಹಾಕಿದ. ನೇರ ಹೇಳುವಂತಿಲ್ಲ, ಸುಳಿವು ಕೊಡಬೇಕು.

"ಇವತ್ತು ಸ್ವಲ್ಪ ಚಳಿ ಜಾಸ್ತಿ," ಎಂದ, ಪೈಪಿನ ಮೇಲೆ ಕೈಯಿಟ್ಟು.

ಡೆಲ್ಮರ್ ತನ್ನ ತಲೆಯ ಮೇಲಿದ್ದ ಉಣ್ಣೆಯ ಟೋಪಿ ತೆಗೆದು ಅವನಿಗೆ ಹಾಕಿದ.

ಈ ಪೈಪು ಬಹಳ ಬಿಸಿಲು ಕಂಡಿದೆ ಅಲ್ಲವೇ ಎಂದು ಆರ್ಲೊ ಇನ್ನೊಂದು ಸುಳಿವು ಬಿಟ್ಟ. ಹೌದು, ಬಿಸಿಲಲ್ಲಿ ಆ ಗೋಡೆ ಬಹಳ ಹಿತ, ಕುಂಬಳವೂ ಅಲ್ಲೇ ಚೆನ್ನಾಗಿ ಹಣ್ಣಾಗುತ್ತದೆ ಎಂದ ಡೆಲ್ಮರ್, ಎರಡು ಕುಂಬಳಕಾಯಿ ತಂದು ಅವನ ಕಂಕುಳಿಗೆ ಇಟ್ಟ. ಮೈತುಂಬ ಉಡುಗೊರೆ ಹೊತ್ತು ನಿಂತ ಆರ್ಲೊ ಕೊನೆಗೆ, ಪೈಪಿನ ಮೇಲೆ ಅಚ್ಚಾಗಿದ್ದ ಒತ್ತಡದ ಅಂಕಿಯನ್ನು ಮೂಗಿನಿಂದಲೇ ತೋರಿಸಿ, ಇದು ನೀರಿಗೆ ಬರೆದ ಅಂಕಿ ಇರಬೇಕು ಎಂದ.

"ನೀರಿಗೇ," ಎಂದ ಡೆಲ್ಮರ್. "ಗಾಳಿ ನೀರಿಗಿಂತ ಹಗುರ ಅಲ್ವಾ?"

ಆರ್ಲೊನ ಗಂಟಲಿನವರೆಗೆ ಬಂದ ಪಾಠ ಅಲ್ಲೇ ಕೂತಿತು. "ಅದೊಂದು ಯೋಚನೆ," ಎಂದಷ್ಟೇ ಹೇಳಿ, ಪಿಕಪ್ಪಿನ ಹತ್ತಿರ ಕರೆದೊಯ್ದು ಉಕ್ಕಿನ ಟ್ಯಾಂಕು ತೋರಿಸಿದ. ಗೇಲನ್ನನ ಹತ್ತಿರ ಸುಮ್ಮನೆ ಬಿದ್ದಿತ್ತು, ಬೇಕಾದರೆ ನಿನ್ನ ಫಿರಂಗಿಗೆ ಇಟ್ಟುಕೋ ಎಂದ. ಅಷ್ಟೆಲ್ಲ ಯಾಕೆ, ಬೇಡ ಎಂದ ಡೆಲ್ಮರ್. ಜೋಡಿಸೋಕೆ ನಾನೂ ಕೈಹಾಕುತ್ತೇನೆ ಎಂದ ಆರ್ಲೊ. ನಿನಗೆ ಸುಮ್ಮನೆ ತೊಂದರೆ, ಬೇಡ ಎಂದ ಡೆಲ್ಮರ್. ಆರ್ಲೊ ಮೂರನೆಯ ಸಲ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಗಳಕ್ಕೆ ಪಾದ್ರಿಯ ಕಾರು ಬಂತು, ಹವಾಮಾನದ ಮಾತು ಬಂತು, ಜೋಳದ ಮಾತು ಬಂತು. ಕಾರು ಹೋದ ಮೇಲೆ ಮೂರನೆಯ ಸಲ ಕೇಳಿದರೆ ಅದು ಮೊದಲನೆಯ ಸಲವಾಗುತ್ತದೆ; ಮತ್ತೆ ಆರಂಭದಿಂದ ಪೀಡಿಸಿದಂತಾಗುತ್ತದೆ. ಆರ್ಲೊ ಟೋಪಿ ಮತ್ತು ಕುಂಬಳಕಾಯಿಗಳೊಂದಿಗೆ ವಾಪಸಾದ. ಟ್ಯಾಂಕು ಪಿಕಪ್ಪಿನಲ್ಲೇ ಉಳಿಯಿತು.

ಇನ್ನುಳಿದವರು ಲವೋನ್ ಟೀಚರ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ, ನಿವೃತ್ತರಾಗಿ, ಈಗ ಪಂದ್ಯದ ಕಮಿಟಿ ನಡೆಸುತ್ತಿದ್ದರು. ಆರ್ಲೊ ಹೊಲದ ಅಂಚಿನ ಡೇರೆಯಲ್ಲಿ ಅವರನ್ನು ಒಬ್ಬರನ್ನೇ ಹಿಡಿದು, ಪ್ಲಾಸ್ಟಿಕ್ ಪೈಪಿಗೆ ಗಾಳಿ ತುಂಬುವಂತಿಲ್ಲ ಎಂದು ನಿಯಮ ಮಾಡಿಬಿಡಿ ಎಂದು ಬೇಡಿಕೊಂಡ.

"ಪ್ಲಾಸ್ಟಿಕ್ ಪೈಪು ಇರೋದು ಒಬ್ಬನ ಹತ್ರ ಆರ್ಲೊ. ಹಾಗೆ ಹೇಳಿದ್ರೆ ಹೆಸರು ಹಿಡಿದು ಹೇಳಿದ ಹಾಗಾಗುತ್ತೆ."

"ಒಡೆದ್ರೆ ಪ್ರಾಣ ಹೋಗುತ್ತೆ ಟೀಚರ್."

"ಹೋಗಬಾರದು," ಎಂದು ಟೀಚರ್ ಒಪ್ಪಿಕೊಂಡರು. "ಆದ್ರೆ ಅವನ ಮನಸ್ಸಿಗೂ ನೋವಾಗಬಾರದು. ನನಗೆ ಬಿಡು."

ಸ್ವಲ್ಪ ಹೊತ್ತಿನಲ್ಲೇ ಧ್ವನಿವರ್ಧಕದಲ್ಲಿ ಟೀಚರರ ಸಿಹಿ ಕಂಠ ಕೇಳಿಸಿತು. ಬಿಳಿಯ ಬಣ್ಣ ಬಿಸಿಲಿಗೆ ಹೊಳೆದು ಫೋಟೋಗಳು ಹಾಳಾಗುತ್ತಿರುವುದರಿಂದ, ಈ ವರ್ಷ ಬಿಳಿ ಪೈಪುಗಳಿಗೆ ಅವಕಾಶವಿಲ್ಲ; ಯಾರೂ ಬೇಸರಿಸಬಾರದು. ಆರ್ಲೊ ಮನಸ್ಸಿನಲ್ಲೇ ಟೀಚರ್ ಕಾಲಿಗೆರಗಿದ. ತನ್ನ ಸೊಂಟದಲ್ಲಿ ನಾಳೆಯೂ ಎಲ್ಲ ಮೂಳೆಗಳಿರುತ್ತವೆ ಎಂಬ ನೆಮ್ಮದಿಯಲ್ಲಿ ಬಿಸಿ ಸೇಬಿನ ಸೈಡರ್ ಕುಡಿಯುತ್ತ ನಿಂತ.

ಅವನು ಲೋಟ ಮುಗಿಸುವುದರೊಳಗೆ ಡೆಲ್ಮರ್ ಕೊಟ್ಟಿಗೆಗೆ ಹೊಡೆದು ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ಫೋಟೋ ಹಾಳುಮಾಡುವಷ್ಟು ಕೆಟ್ಟವನೇ ಡೆಲ್ಮರ್? ನೆರೆಹೊರೆಯವರೆಲ್ಲ ಪ್ರೀತಿಯಿಂದ ಸುತ್ತುಗಟ್ಟಿ ಕುಂಚ ಹಿಡಿದರು. ಶೌಚಾಲಯದ ಹಿಂದೆ ನಿಲ್ಲುವ ಪಾದ್ರಿ ಕೂಡ ಮುಂದಿನ ಕೊಳವೆಗೆ ಬಳಿದರು. ಆರ್ಲೊನ ಕೈಗೂ ಯಾರೋ ಒಂದು ಕುಂಚ ತುರುಕಿದರು. ಬೇಡ ಎಂದ, ಬೇಡ ಎಂದ. ಮೂರನೆಯ ಸಲ ಕೇಳುವ ಮೊದಲೇ ಎಲ್ಲರೂ ಅವನತ್ತ ನೋಡುತ್ತಿದ್ದರು. ತನ್ನನ್ನು ಸೀಳಲಿರುವ ಪೈಪಿಗೆ ತಾನೇ, ಮೂಲೆ ಮೂಲೆ ಬಿಡದೆ, ಅಚ್ಚುಕಟ್ಟಾಗಿ ಬಣ್ಣ ಬಳಿದ. ಬಲಿಯ ಕುರಿಯೇ ಹೂಮಾಲೆ ಕಟ್ಟಿಕೊಂಡಂತಿತ್ತು.

ಮಧ್ಯಾಹ್ನ ಊರೆಲ್ಲ ಹಗ್ಗದಾಚೆ ಸೇರಿತು. ಕವಣೆಗಳ ಸರದಿ ಮುಗಿಯಿತು. ಕೆಂಪು ಫಿರಂಗಿ ಹೊಲದ ನಡುವೆ, ಹುಲ್ಲಿನ ಪೆಂಡಿಗಳ ಗೋಡೆಯ ಮುಂದೆ, ಬೊಂಬೆಯಂತೆ ಹೊಳೆಯುತ್ತ ಕೂತಿತ್ತು. ಡೆಲ್ಮರ್ ಕುಂಬಳಕಾಯಿ ಇಳಿಸಿ ಕಂಪ್ರೆಸರ್ ಹಾಕಿದ. ಆರ್ಲೊ ವಾಲ್ವಿನ ಹಿಡಿಯ ಮೇಲೆ ಕೈಯಿಟ್ಟು ನಿಂತ. ಹಗ್ಗದ ಬಳಿ ಮಾರ್ಡೆಲ್ ಇದ್ದಳು, ಕೈಯಲ್ಲಿ ಕ್ಯಾಮೆರಾ. ಗೇಲನ್ ಟ್ರ್ಯಾಕ್ಟರ್ ಚಕ್ರದ ಹಿಂದೆ ಇದ್ದ. ಪಾದ್ರಿ ಎಲ್ಲೂ ಕಾಣಲಿಲ್ಲ.

ಒತ್ತಡದ ಮುಳ್ಳು ಏರಿತು. ಪೈಪಿನೊಳಗೆಲ್ಲೋ 'ಟಿಕ್' ಎಂದಿತು.

ಸಣ್ಣ ಸದ್ದು, ಚಳಿಗೆ ಬೆರಳು ನೆಟಿಕೆ ಮುರಿದಂತೆ. ಆದರೆ ಅದು ಆರ್ಲೊನ ಹೊಟ್ಟೆಯೊಳಗೆ ಕೇಳಿಸಿತು. ಅವನು ಪೈಪನ್ನು ನೋಡಿದ, ಪಕ್ಕದಲ್ಲಿ ನಗುತ್ತ ನಿಂತ ಡೆಲ್ಮರನನ್ನು ನೋಡಿದ, ಹಗ್ಗದಾಚೆಯ ಮಾರ್ಡೆಲಳನ್ನು ನೋಡಿದ. ಲುಂಡ್ಬಿಯಲ್ಲಿ ಅವನ ಅಜ್ಜನ ಕಾಲದಿಂದ ಯಾರೂ ಮಾಡದ ಕೆಲಸ ಮಾಡಿದ.

"ಡೆಲ್ಮರ್, ಇದು ಒಡೆಯುತ್ತೆ. ಈ ಪೈಪು ಗಾಳಿಗೆ ಆಗೋದಲ್ಲ. ನಾನಿಲ್ಲಿ ನಿಲ್ಲಲ್ಲ, ನೀನೂ ನಿಲ್ಲಬೇಡ."

ಯಾರದೋ ಕೈಯಿಂದ ಕಾಫಿ ಲೋಟ ಜಾರಿತು. ಆರ್ಲೊ ಅದಕ್ಕೂ ನಿಲ್ಲದೆ, ಹಗ್ಗದ ಬಳಿಯವರಿಗೆಲ್ಲ ಹಿಂದಕ್ಕೆ ಹೋಗಲು ಕೂಗಿದ. ಕಂಪ್ರೆಸರ್ ಆರಿಸಲು ಹೊರಟ ಡೆಲ್ಮರನ ಕಾಲರು ಹಿಡಿದು, ಕರುವನ್ನು ಎಳೆದಂತೆ ಹುಲ್ಲಿನ ಪೆಂಡಿಗಳ ಹಿಂದಕ್ಕೆ ಎಳೆದೊಯ್ದ.

ಇಬ್ಬರೂ ಮೊಣಕಾಲೂರಿ ಕೂತರು. ಆರ್ಲೊ ಈ ಚಳಿಗಾಲ ತನ್ನ ಮನೆ ಮುಂದೆ ಬೀಳಲಿರುವ ಹಿಮವನ್ನೆಲ್ಲ ಮನಸ್ಸಿನಲ್ಲೇ ಸಲಿಕೆಯಿಂದ ತೋಡುತ್ತಿದ್ದ. ಡೆಲ್ಮರ್ ತನ್ನ ಕಾಲರು ಸರಿಮಾಡಿಕೊಂಡ.

"ಸದ್ಯ ಹೇಳಿದೆಯಲ್ಲ," ಎಂದ.

"ಏನಂದೆ?"

"ಪ್ರತಿವರ್ಷ ದೇವರ ಹೆಸರು ಹೇಳ್ಕೊಂಡೇ ಇದರ ಪಕ್ಕ ನಿಲ್ತಿದ್ದೆ ಕಣೋ. ಬಿಟ್ಟುಬಿಡೋಣ ಅಂದ್ರೆ ನಿಮಗೆಲ್ಲ ಇದರ ಮೇಲೆ ಅಷ್ಟು ಪ್ರೀತಿ. ಬೇಜಾರಾಗುತ್ತೇನೋ ಅಂತ ಸುಮ್ಮನಿದ್ದೆ. ನೀನಾದ್ರೂ ಕಾರ್ಖಾನೆಯವನು, ಒತ್ತಡ ಗೊತ್ತಿರೋನು, ಆಗಲ್ಲ ಅಂತೀಯ ಅಂತಲೇ ನಿನ್ನನ್ನ ಕರೆದದ್ದು. ನೀನು ನೋಡಿದ್ರೆ ಡೋನಟ್ ತಿನ್ಕೊಂಡು ಕೈ ಬೀಸಿದೆ."

"ಮತ್ತೆ ಆ ಉಕ್ಕಿನ ಟ್ಯಾಂಕು? ಬೇಡ ಅಂದೆಯಲ್ಲ."

"ಮೂರನೇ ಸಲ ಕೇಳ್ತೀಯ ಅಂತ ಕಾದೆ," ಎಂದ ಡೆಲ್ಮರ್ ನೊಂದ ದನಿಯಲ್ಲಿ.

ಆಗ ಫಿರಂಗಿ ಒಡೆಯಿತು. ಆ ಸದ್ದಿಗೆ ಚರ್ಚಿನ ಗೋಪುರದ ಪಾರಿವಾಳಗಳೆಲ್ಲ ಪಕ್ಕದ ಜಿಲ್ಲೆಗೆ ಹೋದವು. ಹೊಗೆಯಂತಿದ್ದ ಧೂಳು ಇಳಿದಾಗ ಹುಲ್ಲಿನ ಪೆಂಡಿಗಳ ಆ ಬದಿಯ ತುಂಬ ಕೆಂಪು ಚೂರುಗಳು, ಮುಳ್ಳುಹಂದಿಯ ಮೈಯಂತೆ, ನೆಟ್ಟಗೆ ನಾಟಿಕೊಂಡಿದ್ದವು. ಆರ್ಲೊ ನಿಂತಿದ್ದ ಜಾಗದಲ್ಲಿ ಹುಲ್ಲು ಬುಡಸಮೇತ ಕಿತ್ತು ಹೋಗಿತ್ತು. ಮುಂದಿನ ಕೊಳವೆಯಿಂದ ಕುಂಬಳಕಾಯಿ, ನಿದ್ದೆಯಿಂದೆದ್ದ ನಾಯಿಯ ಹಾಗೆ, ನಿಧಾನವಾಗಿ ಉರುಳಿ ಹೊರಬಂತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಲವೋನ್ ಟೀಚರ್ ಹಗ್ಗದ ಬಳಿ ಬಂದು ಆ ಚೂರುಗಳನ್ನು ನೋಡಿದರು. "ಇದೊಂದು ಬೇರೆ ಥರ ಇದೆ," ಎಂದರು.

ರಾತ್ರಿಯೂಟದಲ್ಲಿ ಆರ್ಲೊನನ್ನು ನೆಲಮಾಳಿಗೆಯ ನಡುವಿನ ಮೇಜಿಗೆ ಕೂರಿಸಿದರು. ಎಲ್ಲರೂ ಬಂದು ಕೈ ಕುಲುಕಿದರು. ಡೆಲ್ಮರ್ ಪಕ್ಕದಲ್ಲೇ ಕೂತು, ಉಕ್ಕಿನ ಟ್ಯಾಂಕನ್ನು ಹೇಗೆ ಜೋಡಿಸುವುದೆಂದು ನಾಲ್ಕು ಫೋರ್ಕುಗಳಿಂದ ಮೇಜಿನ ಮೇಲೆ ಕಟ್ಟಿ ತೋರಿಸಿದ. ಹಿಮ ತಳ್ಳುವಾಗ ಈ ವರ್ಷ ಆರ್ಲೊನ ಅಂಗಳವೇ ಮೊದಲು ಎಂದೂ ಹೇಳಿದ. ಜೀವವೂ ಉಳಿದು ಸ್ನೇಹವೂ ಉಳಿದದ್ದಕ್ಕೆ ಆರ್ಲೊನಿಗೆ ಕಣ್ಣು ತೇವವಾಯಿತು. ಮಾರ್ಡೆಲ್ ಹೆಮ್ಮೆಯಿಂದ ಅವನ ತಟ್ಟೆಗೆ ಜೆಲ್ಲೊ ಬಡಿಸಿ, ಎರಡನೆಯ ಪಾತ್ರೆ ತರಲು ಅಡುಗೆಮನೆಗೆ ಹೋದಳು.

ಅವಳು ಮರೆಯಾದೊಡನೆ ಲವೋನ್ ಟೀಚರ್, ಪಾದ್ರಿ ಮತ್ತು ಗೇಲನ್ ಅವನ ಎದುರಿಗೆ ಬಂದು ಕೂತರು. ಅವರು ಅದಕ್ಕೇ ಕಾಯುತ್ತಿದ್ದರೆಂದು ಆರ್ಲೊನಿಗೆ ಆಮೇಲೆ ಹೊಳೆಯಿತು.

"ಇದ್ದದ್ದನ್ನ ಇದ್ದ ಹಾಗೆ ಮುಖದೆದುರು ಹೇಳೋನು ಈ ಊರಿಗೆ ಒಬ್ಬ ಬೇಕಾಗಿತ್ತು ಆರ್ಲೊ," ಎಂದರು ಟೀಚರ್. "ಹೇಳದೇ ಉಳಿದಿರೋದು ಬಹಳ ಇದೆ. ನೀನು ಆ ಕೆಲಸ ವಹಿಸ್ಕೋಬೇಕು."

"ಅಯ್ಯೋ, ನನ್ನಿಂದ ಆಗೋದಲ್ಲ ಟೀಚರ್, ಬೇಡ."

"ನಿನ್ನ ಬಿಟ್ರೆ ಬೇರೆ ಯಾರಿದಾರೆ?"

"ಅದೇನೋ ಆ ಹೊತ್ತಿಗೆ ಬಾಯಿಂದ ಬಂದುಬಿಡ್ತು. ಬೇಡ, ಖಂಡಿತ ಬೇಡ."

ಪಾದ್ರಿ ಕೈ ಜೋಡಿಸಿ ಕಣ್ಣು ಮುಚ್ಚಿದರು. ಟೀಚರ್ ಕಾಫಿಗೆ ಹಾಲು ಹಾಕಿ, ಕಲಕಿ, ಚಮಚವನ್ನು ಒರೆಸಿ ಇಟ್ಟರು. ಅಡುಗೆಮನೆಯ ಬಾಗಿಲಲ್ಲಿ ಮಾರ್ಡೆಲ್ ನಿಂತು, ಹೇಗಿದೆ ಎಂದು ದೂರದಿಂದಲೇ ಹುಬ್ಬೇರಿಸಿ ಕೇಳಿದ್ದನ್ನು ಕಂಡು ಆರ್ಲೊ ಒಂದು ದೊಡ್ಡ ತುತ್ತು ಜೆಲ್ಲೊ ಬಾಯಿಗಿಟ್ಟ.

"ಏನಂತೀಯ ಹಾಗಾದ್ರೆ?" ಎಂದರು ಟೀಚರ್.

ಕ್ಯಾರೆಟ್, ಕೋಸು ಮತ್ತು ಆಲಿವ್ ಅವನ ಬಾಯೊಳಗೆ ನಡುಗಿದವು. ಆರ್ಲೊ ನುಂಗುವಷ್ಟರಲ್ಲಿ ಗೇಲನ್ ಅವನ ಭುಜ ಹಿಸುಕಿ ಅಭಿನಂದಿಸಿ ಆಗಿತ್ತು.

"ಒಳ್ಳೆಯದಾಯ್ತು," ಎಂದು ಟೀಚರ್ ಸುತ್ತ ನೋಡಿ ದನಿ ತಗ್ಗಿಸಿದರು. "ಮೊದಲನೇ ಕೆಲಸ ಈ ಜೆಲ್ಲೊ. ಹತ್ತೊಂಬತ್ತು ವರ್ಷದಿಂದ ನಾವು ಇದನ್ನ ಮೆಟ್ಟಿಲ ಹತ್ರದ ಹೂಕುಂಡದಲ್ಲಿ ಹೂಳ್ತಾ ಇದೀವಿ. ಗಿಡ ಸತ್ತು ಬಹಳ ಕಾಲ ಆಯ್ತು. ಈಗ ಎರಡು ಪಾತ್ರೆ ಬಂದಿದೆ, ಇರೋದು ಒಂದೇ ಕುಂಡ. ಮಾರ್ಡೆಲ್‌ಗೆ ಇವತ್ತು ರಾತ್ರೀನೇ ನೀನು ಹೇಳಬೇಕು."

ಮಾರ್ಡೆಲ್ ಎರಡನೆಯ ಪಾತ್ರೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು, ಮುಖದ ತುಂಬ ನಗುತ್ತ ಇತ್ತಲೇ ಬರುತ್ತಿದ್ದಳು. ಎದುರಿಗಿದ್ದ ಮೂವರೂ ಎದ್ದು ಮೂರು ದಿಕ್ಕಿಗೆ ಹೋದರು. ಆರ್ಲೊನ ಹೊಟ್ಟೆಯೊಳಗೆ ಮತ್ತೆ 'ಟಿಕ್' ಎಂದಿತು.

ಡೆಲ್ಮರ್ ಮಾತ್ರ ಕದಲಲಿಲ್ಲ. ಅವನು ಆರ್ಲೊನ ಕಿವಿಯ ಹತ್ತಿರ ಬಗ್ಗಿದ.

"ಹೊಲದಿಂದ ತಂದ ಹುಲ್ಲಿನ ಪೆಂಡಿಗಳು ಇನ್ನೂ ನನ್ನ ಟ್ರಕ್ಕಲ್ಲೇ ಇವೆ. ತಂದುಹಾಕ್ಲಾ?"

ಆರ್ಲೊ ಮರ್ಯಾದೆಯಿಂದ ಬೇಡ ಎಂದು, ಅವನು ಇನ್ನೆರಡು ಸಲ ಕೇಳಲೆಂದು ಕಾದು ಕೂತ.